ಹೌದು, ನಮ್ಮದು ಊಟಕ್ಕೆ ನಿಲ್ಲುವ ಊರೇ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬಂದ ಕರಾವಳಿ ಪ್ರವಾಸದ ಲೇಖನವನ್ನು ಎರಡು ಸಲ ಓದಿದೆ. ಗೋಕರ್ಣಕ್ಕೆ ಅರ್ಧ ಪುಟ, ಮುರ್ಡೇಶ್ವರಕ್ಕೆ ಅರ್ಧ ಪುಟ, ಜೋಗಕ್ಕೆ ಇಡೀ ಬಣ್ಣದ ಪುಟ. ನಮ್ಮ ಹೊನ್ನಾವರಕ್ಕೆ ಸಿಕ್ಕಿದ್ದು ಒಂದು ಸಾಲು. ಜೋಗಕ್ಕೆ ಹೋಗುವವರು ಊಟಕ್ಕೆ ನಿಲ್ಲಬಹುದಾದ ನದಿದಂಡೆಯ ಸಣ್ಣ ಊರು, ನೋಡುವಂಥದ್ದು ವಿಶೇಷವೇನೂ ಇಲ್ಲ ಎಂದು.

ಮೊದಲು ಒಂದು ತಿದ್ದುಪಡಿ. ಆ ಸಾಲಿನ ಪಕ್ಕದಲ್ಲಿ ‘ಶರಾವತಿ ಸೇತುವೆ’ ಎಂದು ಹಾಕಿದ ಚಿತ್ರ ಶರಾವತಿಯದ್ದಲ್ಲ, ಕಾರವಾರದ ಕಾಳಿ ನದಿಯದ್ದು. ಹಿಂದೆ ಸದಾಶಿವಗಡದ ಗುಡ್ಡ ಕಾಣುತ್ತಿದೆ. ಕರಾವಳಿಯ ಯಾವ ಮಗುವಿಗೆ ತೋರಿಸಿದರೂ ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಚಿತ್ರದಲ್ಲಿ ಹಳೆಯ ಸೇತುವೆ, ಹೊಸ ಸೇತುವೆ ಎರಡೂ ನಿಂತಿವೆ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಒಂದು ಲಾರಿಯ ಸಮೇತ ನೀರಿಗೆ ಬಿದ್ದಿತು. ಚಾಲಕ ಪುಣ್ಯಕ್ಕೆ ಬದುಕಿಕೊಂಡ. ಹೊಳೆಗೆ ಬಿದ್ದ ಸೇತುವೆಯನ್ನು ಎತ್ತಿ ಐವತ್ತು ಮೈಲಿ ದಕ್ಷಿಣಕ್ಕೆ ತಂದು ನಿಲ್ಲಿಸಿದ ಕೀರ್ತಿ ನಿಮ್ಮ ಪತ್ರಿಕೆಗೆ ಸಲ್ಲಬೇಕು.

ಇನ್ನು ಊಟದ ವಿಷಯ. ನಾನು 32 ವರ್ಷ ಇದೇ ಊರಿನಲ್ಲಿ ಖಾನಾವಳಿ ನಡೆಸಿದವಳು. ಮೊದಲು ಮಾವನವರು, ಆಮೇಲೆ ಯಜಮಾನರು, ಅವರು ತೀರಿಕೊಂಡ ಮೇಲೆ ನಾನೊಬ್ಬಳೇ. ಈಗ ವಯಸ್ಸು 74. ಮಂಡಿ ನೋವಿನಿಂದ ಒಲೆಯ ಮುಂದೆ ನಿಲ್ಲಲಾಗದೆ ಬಾಗಿಲು ಹಾಕಿ ಕೆಲವು ವರ್ಷಗಳಾದವು. ಆದ್ದರಿಂದ ‘ಊಟಕ್ಕೆ ನಿಲ್ಲುವ ಊರು’ ಎಂದದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ಸತ್ಯ. ಜನ ಇಲ್ಲಿ ಊಟಕ್ಕೆ ಏಕೆ ನಿಲ್ಲುತ್ತಿದ್ದರು, ಯಾವ ಕಾಲದಿಂದ ನಿಲ್ಲುತ್ತಿದ್ದರು ಎಂದು ನಿಮ್ಮ ಲೇಖಕರು ಯಾರನ್ನೂ ಕೇಳಲಿಲ್ಲವಲ್ಲ, ಸಿಟ್ಟು ಅದಕ್ಕೆ.

ನಾನು ಹುಟ್ಟಿದ್ದು ಮಾವಿನಕುರ್ವೆಯಲ್ಲಿ. ಶರಾವತಿಯ ನಡುವಿನ ದ್ವೀಪ ಅದು. ನಮ್ಮ ಕಡೆ ಹೊಳೆಯೊಳಗಿನ ನಡುಗಡ್ಡೆಗೆ ಕುರ್ವೆ ಎನ್ನುತ್ತಾರೆ. ಅಪ್ಪ ತಾರಿಯಲ್ಲಿ, ಅಂದರೆ ದೋಣಿಯಲ್ಲಿ ಹೊಳೆ ದಾಟಿಸುವ ಕಡೆ, ಕೆಲಸಕ್ಕಿದ್ದರು. ಆಗ ಹೆದ್ದಾರಿಗೆ ಸೇತುವೆ ಇರಲಿಲ್ಲ. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿದ ಜಂಗಲಿನಲ್ಲಿ ಬಸ್ಸು, ಲಾರಿಗಳನ್ನು ಎದುರಿನ ಕಾಸರಕೋಡಿನ ದಡಕ್ಕೆ ದಾಟಿಸುತ್ತಿದ್ದರು. ಬಸ್ಸಿನ ಜನರೆಲ್ಲ ಇಳಿದು ಕಾಯಬೇಕು. ಭರತ ಇಳಿತ ನೋಡಬೇಕು, ಗಾಳಿ ನೋಡಬೇಕು, ಮುಂದೆ ಇನ್ನೆರಡು ಲಾರಿಗಳಿದ್ದರೆ ಅವು ದಾಟುವವರೆಗೆ ಸುಮ್ಮನೆ ಕುಳಿತುಕೊಳ್ಳಬೇಕು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಏರಿತೆಂದರೆ ಅರ್ಧ ದಿನವೂ ಆಗುತ್ತಿತ್ತು. ಹೊಟ್ಟೆ ಅಷ್ಟು ಹೊತ್ತು ಕಾಯುತ್ತದೆಯೇ? ಮಾವನವರು ತಾರಿಬಾಗಿಲಿನ ಹತ್ತಿರ ನಾಲ್ಕು ಮಣೆ ಹಾಕಿ ಊಟ ಬಡಿಸಲು ಶುರು ಮಾಡಿದ್ದು ಹಾಗೆ. ಸೇತುವೆ ಆದ ಮೇಲೆ ತಾರಿ ನಿಂತಿತು, ಖಾನಾವಳಿಯನ್ನು ಬಸ್ ನಿಲ್ದಾಣದ ಕಡೆಗೆ ತಂದೆವು. ಹೊಳೆ ತಡೆದಿದ್ದರಿಂದ ಊರು, ಊರಿದ್ದುದರಿಂದ ಊಟ. ಈಗಿನವರು ಕಾರಿನ ಕಿಟಕಿ ಮುಚ್ಚಿಕೊಂಡು ಎರಡು ನಿಮಿಷದಲ್ಲಿ ಹೊಳೆ ದಾಟಿ, ಇಲ್ಲಿ ಏನೂ ಇಲ್ಲ ಎಂದು ಬರೆಯುತ್ತಾರೆ.

ನಮ್ಮಲ್ಲಿ ತಿಂಗಳ ಲೆಕ್ಕದಲ್ಲಿ ಊಟ ಮಾಡುತ್ತಿದ್ದ ಒಬ್ಬ ಮಾಸ್ತರರಿದ್ದರು. ಈಗಿಲ್ಲ. ಲೆಕ್ಕ ಯಾವಾಗಲೂ ಹತ್ತು ದಿನ ತಡವಾಗಿ ಕೊಡುತ್ತಿದ್ದರು, ಬಡ್ಡಿಗೆ ಬದಲಾಗಿ ಚರಿತ್ರೆ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಜನ ಕಡಿಮೆ ಇದ್ದಾಗ ಒಂದು ಇಂಗ್ಲಿಷ್ ಪುಸ್ತಕ ತಂದು, ‘ನಿಮ್ಮ ಖಾನಾವಳಿಯ ಊಟವನ್ನು ಆರುನೂರು ವರ್ಷದ ಹಿಂದೆಯೇ ಒಬ್ಬರು ಬರೆದಿಟ್ಟಿದ್ದಾರೆ ನೋಡಿ’ ಎಂದು ಕನ್ನಡದಲ್ಲಿ ಹೇಳುತ್ತ ಹೋದರು. ನಾನು ಕೈಯಲ್ಲಿದ್ದ ಸಾರಿನ ಸೌಟನ್ನು ಹಾಗೆಯೇ ಹಿಡಿದುಕೊಂಡು ಕೇಳಿದೆ.

ಬರೆದವನು ಇಬ್ನ್ ಬತೂತಾ. ಮೊರಾಕ್ಕೊ ದೇಶದ ತಾಂಜಿಯರ್‌ನವನು. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ಇವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದಾಗ, 1342ರ ಆಸುಪಾಸಿನಲ್ಲಿ ಈ ಕರಾವಳಿಗುಂಟ ಬಂದ. ನಮ್ಮ ಊರನ್ನು ಹಿನಾವರ್ ಎಂದು ಕರೆದಿದ್ದಾನೆ. ಇಲ್ಲಿ ಆಗ ಜಮಾಲುದ್ದೀನ್ ಎಂಬ ಅರಸನಿದ್ದ. ಅವನ ಮನೆಯ ಊಟವನ್ನು ಬತೂತಾ ಒಂದೊಂದಾಗಿ ಹೇಳುತ್ತಾನೆ. ತಾಮ್ರದ ಪಾತ್ರೆಗಳು ಬರುತ್ತವೆ. ತಾಮ್ರದ ಸೌಟಿನಿಂದ ಒಂದು ಸೌಟು ಅನ್ನ ಹಾಕುತ್ತಾರೆ, ಅದರ ಮೇಲೆ ತುಪ್ಪ ಸುರಿಯುತ್ತಾರೆ. ಬದಿಗೆ ಕಾಳುಮೆಣಸಿನ ಗೊಂಚಲಿನ ಉಪ್ಪಿನಕಾಯಿ, ಹಸಿ ಶುಂಠಿ, ನಿಂಬೆ, ಮಾವು. ಒಂದು ತುತ್ತು ಅನ್ನಕ್ಕೆ ಒಂದು ಚೂರು ಉಪ್ಪಿನಕಾಯಿ. ಅದು ಮುಗಿದರೆ ಮತ್ತೊಂದು ಸೌಟು ಅನ್ನ, ಕೋಳಿ. ಆಮೇಲೆ ಮತ್ತೆ ಅನ್ನ, ಮೀನು. ಆಮೇಲೆ ತರಕಾರಿ. ಕೊನೆಗೆ ಹುಳಿ ಮೊಸರು ಬಂದರೆ ಊಟ ಮುಗಿಯಿತು, ಅದರ ಮೇಲೆ ಇನ್ನೇನೂ ಇಲ್ಲ. ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಮೈಗೆ ಆಗುವುದಿಲ್ಲ ಎಂದು.

ಸಂಪಾದಕರೇ, ನಿಮ್ಮ ಮನೆ ಯಾವ ಸೀಮೆಯದೋ ನನಗೆ ಗೊತ್ತಿಲ್ಲ. ಆದರೆ ಹೊನ್ನಾವರ, ಕುಮಟಾ ಕಡೆಯ ಯಾರನ್ನಾದರೂ ಕೇಳಿ. ಅನ್ನದ ಮೇಲೆ ಅನ್ನ, ನಡುವೆ ಮೀನು, ಕೊನೆಗೆ ಮಜ್ಜಿಗೆ, ಮೇಲೊಂದು ಲೋಟ ಬಿಸಿನೀರು. ನಾನು 32 ವರ್ಷ ಬಡಿಸಿದ್ದು ಇದನ್ನೇ. ಬಿಸಿನೀರು ಕೊಟ್ಟರೆ ಬೆಂಗಳೂರಿನ ಪ್ರವಾಸಿಗರು ಮುಖ ಸಿಂಡರಿಸಿ ಫ್ರಿಜ್ಜಿನ ನೀರು ಕೇಳುತ್ತಿದ್ದರು. ಆಗ ನನಗೆ ಬತೂತಾನ ನೆನಪಾಗುತ್ತಿತ್ತು, ಹೇಳಲು ಹೋಗುತ್ತಿರಲಿಲ್ಲ. ಆ ಮನುಷ್ಯ ಒಮ್ಮೆ ಹನ್ನೊಂದು ತಿಂಗಳು ಈ ಅರಸನ ಜೊತೆಗಿದ್ದು, ಅಷ್ಟೂ ದಿನ ರೊಟ್ಟಿಯ ಮುಖ ನೋಡಲಿಲ್ಲವಂತೆ, ಇಲ್ಲಿಯವರದು ಬರಿಯ ಅನ್ನ ಎಂದು ಬರೆದಿದ್ದಾನೆ. ಊಟಕ್ಕೆಂದು ನಿಂತು ಹನ್ನೊಂದು ತಿಂಗಳು ಉಳಿದ ಗಿರಾಕಿ ನನಗಂತೂ ಸಿಗಲಿಲ್ಲ.

ಒಂದು ಮಾತು ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ಬಡಿಸುತ್ತಿದ್ದವಳು ರೇಷ್ಮೆ ಉಟ್ಟ ಸುಂದರಿ ಎನ್ನುತ್ತಾನೆ. ಅವಳು ದಾಸಿ. ಉಪ್ಪಿನಕಾಯಿಯಲ್ಲಿ ಏನೇನಿತ್ತು ಎಂದು ಹೇಳಿದವನು ಅವಳ ಹೆಸರು ಹೇಳಲಿಲ್ಲ. ನಾನು ಹತ್ತಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಡಿಸಿದವಳು, ನನ್ನ ಹೆಸರೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ, ‘ಅಕ್ಕಾ, ಅನ್ನ’ ಎಂದರೆ ಸಾಕಿತ್ತು. ಆದರೆ ಸಂಜೆ ಗಲ್ಲಾಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲಿರುತ್ತಿತ್ತು.

ಇದೇ ಬತೂತಾ ಇನ್ನೊಂದು ವಿಷಯ ಬರೆದಿದ್ದಾನೆ. ಈ ಊರಿನಲ್ಲಿ ಹುಡುಗಿಯರಿಗೆ 13 ಶಾಲೆಗಳು, ಹುಡುಗರಿಗೆ 23 ಶಾಲೆಗಳು ಇದ್ದುವಂತೆ. ಬೇರೆಲ್ಲೂ ಇಂಥದ್ದನ್ನು ಕಾಣಲಿಲ್ಲ ಎನ್ನುತ್ತಾನೆ. ಇಲ್ಲಿಯ ಮುಸ್ಲಿಂ ಹೆಂಗಸರಿಗೆ ಕುರಾನ್ ಬಾಯಿಪಾಠವಿತ್ತಂತೆ. ಮಾಸ್ತರರು ಇದನ್ನು ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಕುರ್ವೆಯಿಂದ ದೋಣಿಯಲ್ಲಿ ದಿನವೂ ಬರುವುದು ಹೆಣ್ಣುಮಕ್ಕಳಿಗೆ ಚೆನ್ನಾಗಿ ಕಾಣುವುದಿಲ್ಲ ಎಂದು ಮನೆಯ ಹಿರಿಯರು ತೀರ್ಮಾನಿಸಿದರು. ಅದೇ ದೋಣಿಯಲ್ಲಿ ಅಣ್ಣ ಮೆಟ್ರಿಕ್‌ವರೆಗೆ ಹೋದ. ಆರುನೂರು ವರ್ಷದ ಹಿಂದೆ ಹದಿಮೂರು ಶಾಲೆಗಳಿದ್ದ ಊರಿಗೆ ನನ್ನನ್ನು ಕಳಿಸಲು ಆಗಲಿಲ್ಲವೇ ಎಂದು ಅಪ್ಪನನ್ನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅಪ್ಪ ಇರಲಿಲ್ಲ. ಈ ಪತ್ರವನ್ನು ನಾನು ಹೇಳಿದಂತೆ ಮೊಮ್ಮಗಳು ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದಾಳೆ, ಅವಳು ಎಂಜಿನಿಯರಿಂಗ್ ಓದುತ್ತಾಳೆ.

ಮುಂದಿನದ್ದನ್ನು ಬೇಗ ಹೇಳುತ್ತೇನೆ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರದ ವೈಭವ ನೋಡಿ ತಿರುಗಿ ಹೋಗುವಾಗ 1444ರಲ್ಲಿ ಹಡಗು ಹತ್ತಿದ್ದು ಇಲ್ಲಿಂದ. ಪೋರ್ಚುಗೀಸರ ದಂಡನಾಯಕ ಅಲ್ಮೇಡಾ 1505ರಲ್ಲಿ ಬಂದು ಬಂದರಿನ ಹಡಗುಗಳಿಗೆ ಬೆಂಕಿಯಿಟ್ಟ. ಐದೇ ವರ್ಷದಲ್ಲಿ, 1510ರಲ್ಲಿ, ಇದೇ ಊರಿನ ತಿಮೋಜ ಎಂಬ ಹಡಗುಗಾರ ಪೋರ್ಚುಗೀಸರ ಇನ್ನೊಬ್ಬ ನಾಯಕ ಅಲ್ಬುಕರ್ಕನಿಗೆ ದಾರಿ ತೋರಿಸಿ ಗೋವಾ ಹಿಡಿಸಿಕೊಟ್ಟ. ನಮ್ಮವನು ಎಂದು ಕೆಲವರು ಎದೆಯುಬ್ಬಿಸುತ್ತಾರೆ. ನನಗೇನೂ ಹೆಮ್ಮೆಯಿಲ್ಲ. ಮನೆ ಸುಟ್ಟವನಿಗೆ ಪಕ್ಕದ ಮನೆಯ ಬಾಗಿಲು ತೋರಿಸಿದವನು ಅವನು. ಆದರೆ ಗೋವಾದ ಚರಿತ್ರೆಯ ಬಾಗಿಲಿನಲ್ಲಿ ಹೊನ್ನಾವರದವನೊಬ್ಬ ನಿಂತಿದ್ದಾನೆ ಎಂಬುದು ಸುಳ್ಳಾಗುವುದಿಲ್ಲ.

ಚೆನ್ನಭೈರಾದೇವಿಯ ಬಗ್ಗೆ ಮಾತ್ರ ಬೇಗ ಮುಗಿಸಲಾರೆ. ನಿಮ್ಮ ಲೇಖಕರು ಜೋಗದ ಪುಟದಲ್ಲಿ ಅವಳನ್ನು ‘ಪೋರ್ಚುಗೀಸರು ಕರಿಮೆಣಸಿನ ರಾಣಿಯೆಂದು ಪಟ್ಟ ಕಟ್ಟಿದವಳು’ ಎಂದಿದ್ದಾರೆ. ಯಾವ ಪಟ್ಟ? ಅವಳು ಹೊಳೆಯ ಮೇಲಿನ ಗೇರುಸೊಪ್ಪೆಯ ಸಾಳ್ವ ವಂಶದವಳು. 1552ರಿಂದ 1606ರವರೆಗೆ, 54 ವರ್ಷ ಆಳಿದಳು. ಘಟ್ಟದ ಮೇಲಿನ ಕಾಳುಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ ಬಂದು ಹಡಗು ಹತ್ತುತ್ತಿತ್ತು. ಆ ಮೆಣಸು ಬೇಕಾಗಿದ್ದ ಪೋರ್ಚುಗೀಸರು ಅವಳೊಂದಿಗೆ ವ್ಯಾಪಾರವನ್ನೂ ಮಾಡಿದರು, ಯುದ್ಧವನ್ನೂ ಮಾಡಿದರು. 1569ರಲ್ಲಿ ಹೊನ್ನಾವರವನ್ನು ಹಿಡಿದು ಕೋಟೆ ಕಟ್ಟಿಕೊಂಡರು. ಕರಿಮೆಣಸಿನ ರಾಣಿ ಎಂಬುದು ಅವರು ತಮ್ಮೊಳಗೆ ಕರೆದುಕೊಂಡ ಹೆಸರು. ಅಂಗಡಿಗೆ ಬರುವ ಗಿರಾಕಿ ನನ್ನನ್ನು ‘ಮೀನೂಟದ ಅಕ್ಕ’ ಎಂದು ಕರೆದರೆ, ಖಾನಾವಳಿ ಹಾಕಿಕೊಟ್ಟವನು ಅವನೇ ಆಗುತ್ತಾನೆಯೇ?

ಕೊನೆಗೆ ಅವಳನ್ನು ಸೋಲಿಸಿದ್ದು ಪರದೇಶದವರಲ್ಲ, ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದಿಳಿದು, ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ನಡೆದ. ಹೊಳೆಯ ಎರಡೂ ದಂಡೆಯ ಹಸಿರು ನೋಡಿ, ತಾನು ಕಂಡ ನದಿಗಳಲ್ಲೇ ಬಹಳ ಚೆಲುವಾದದ್ದು ಎಂದು ಬರೆದ. ಗೇರುಸೊಪ್ಪೆ ತಲುಪಿದರೆ ಅರಮನೆ ಇದ್ದ ಊರು ಗಿಡಗಂಟಿಗಳಲ್ಲಿ ಮುಚ್ಚಿಹೋಗಿತ್ತು. ಅವಳ ಆಳ್ವಿಕೆ ಮುಗಿದು ಆಗಿನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ. ನಮ್ಮ ಕರಾವಳಿಯ ಮಳೆಗೆ ಅಷ್ಟು ಸಾಕು. ನನ್ನ ಖಾನಾವಳಿಯ ಹಿಂದಿನ ಒಗೆಯುವ ಕಲ್ಲನ್ನು ಎರಡೇ ಮಳೆಗಾಲದಲ್ಲಿ ಬಳ್ಳಿ ನುಂಗಿದೆ. ಗೇರುಸೊಪ್ಪೆಯ ಚತುರ್ಮುಖ ಬಸದಿ ಮಾತ್ರ ನಾಲ್ಕು ದಿಕ್ಕಿಗೂ ಬಾಗಿಲು ತೆರೆದುಕೊಂಡು ಕಾಡಿನಲ್ಲಿ ಇಂದಿಗೂ ನಿಂತಿದೆ. ನಿಮ್ಮ ಲೇಖಕರು ಜೋಗಕ್ಕೆ ಹೋದದ್ದು ಅದೇ ಊರಿನ ಮೇಲೆ. ಬ್ರಿಟಿಷರ ಕಾಲದಲ್ಲಿ ಜೋಗವನ್ನೂ ಗೇರುಸೊಪ್ಪೆ ಜಲಪಾತ ಎಂದೇ ಕರೆಯುತ್ತಿದ್ದರು ಎಂಬುದು ಅವರಿಗೆ ತಿಳಿದಿದ್ದರೆ ಬಸ್ಸಿನಿಂದ ಇಳಿಯುತ್ತಿದ್ದರೇನೋ.

ಹೈದರಾಲಿಯ ಕಾಲದಲ್ಲಿ ಇಲ್ಲಿ ಯುದ್ಧದ ಹಡಗು ಕಟ್ಟುವ ಅಂಗಳವಿತ್ತು. 1783ರಲ್ಲಿ ಇಂಗ್ಲಿಷರು ಕೋಟೆ ಹಿಡಿದರು. ಟಿಪ್ಪುವಿನ ಸೈನ್ಯ ಸುತ್ತುವರಿದಾಗ ಟೋರಿಯಾನೊ ಎಂಬ ಕ್ಯಾಪ್ಟನ್ ಒಳಗೆ ಕುಳಿತು ತಿಂಗಳುಗಟ್ಟಲೆ ತಡೆದ. ಒಳಗಿದ್ದವರು ಹಸಿವು, ಕಾಯಿಲೆಗಳಿಂದ ಕಂಗೆಟ್ಟರು. ಊಟಕ್ಕೆ ಹೆಸರಾದ ಊರಿನಲ್ಲಿ ಅನ್ನವಿಲ್ಲದೆ ಸತ್ತವರೂ ಇದ್ದಾರೆ. 1784ರ ಮಂಗಳೂರು ಒಪ್ಪಂದವಾದ ಮೇಲೆ ಕೋಟೆ ಟಿಪ್ಪುವಿನ ಕೈಗೆ ಬಂತು, ಅವನು ಅದನ್ನು ಕೆಡವಿಸಿದ. ಆದ್ದರಿಂದ ಯಾರಾದರೂ ಹೊನ್ನಾವರದ ಕೋಟೆ ಎಲ್ಲಿದೆ ಎಂದು ಕೇಳಿದರೆ ನಾವು ಸಮುದ್ರದ ನಡುವಿನ ಬಸವರಾಜದುರ್ಗಕ್ಕೆ ಕೈ ತೋರಿಸುತ್ತೇವೆ. ಅದು ಬೇರೆ ಕೋಟೆ, ದ್ವೀಪದ ಮೇಲಿನದು. ತಪ್ಪು ನಮ್ಮದೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ.

ಹೊಳೆಯ ಬಗ್ಗೆಯೂ ಹೇಳದಿದ್ದರೆ ಪತ್ರ ಪೂರ್ತಿಯಾಗುವುದಿಲ್ಲ, ಏಕೆಂದರೆ ಈ ಊರಿನ ಚರಿತ್ರೆಯನ್ನು ನಾನು ಓದಿದ್ದಕ್ಕಿಂತ ಮೀನಿನ ಬುಟ್ಟಿಯಲ್ಲಿ ನೋಡಿದ್ದು ಹೆಚ್ಚು. ನಾನು ಚಿಕ್ಕವಳಿದ್ದಾಗ ಬೇಸಗೆಯಲ್ಲಿ ಕುರ್ವೆಯ ಸುತ್ತಲಿನ ನೀರು ಬಾಯಿಗೆ ಹಾಕಲಾಗದಷ್ಟು ಉಪ್ಪು. ಇಳಿತದ ಹೊತ್ತಿಗೆ ನಾವು ಮಕ್ಕಳು ಮೊಣಕಾಲುದ್ದದ ಕೆಸರಿನಲ್ಲಿ ಕಾಲಿನಿಂದಲೇ ತಡಕಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದೆವು. ಒಂದು ತಾಸಿಗೆ ಒಂದು ಬುಟ್ಟಿ. ಅಮ್ಮ ಅದಕ್ಕೆ ತೆಂಗಿನಕಾಯಿ ಹುರಿದು ಹಾಕಿ ಸುಕ್ಕ ಮಾಡಿದರೆ ನೆರೆಮನೆಯವರೂ ಬರುತ್ತಿದ್ದರು. 1964ರಲ್ಲಿ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಬಹಳ ವರ್ಷಗಳ ಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು ಕಟ್ಟಿದರು. ಕರೆಂಟು ತಯಾರಿಸಿದ ನೀರು ಬೇಸಗೆಯಲ್ಲೂ ಹೊಳೆಗೆ ಬರುತ್ತದೆ, ಎಲ್ಲ ಸಿಹಿನೀರು. ಅಳಿವೆಯ ಉಪ್ಪು ತಗ್ಗಿತು. ಬಳಚು ಉಪ್ಪಿಲ್ಲದೆ ಬದುಕುವುದಿಲ್ಲ. ಖಾನಾವಳಿಯ ಕೊನೆಯ ವರ್ಷಗಳಲ್ಲಿ ನಾನು ಬಳಚನ್ನು ಅಘನಾಶಿನಿಯಿಂದ ತರಿಸುತ್ತಿದ್ದೆ. ಆ ಹೊಳೆಗೆ ಅಣೆಕಟ್ಟಿಲ್ಲ. ಗಿರಾಕಿಗಳು ‘ಹೊನ್ನಾವರದ ಬಳಚು ಬಹಳ ರುಚಿ’ ಎನ್ನುತ್ತಿದ್ದರು. ನಾನು ಸುಮ್ಮನಿರುತ್ತಿದ್ದೆ. ವ್ಯಾಪಾರದಲ್ಲಿ ಹೇಳಿದ ಸುಳ್ಳಿಗಿಂತ ಹೇಳದ ನಿಜಗಳೇ ಜಾಸ್ತಿ. ಇಡೀ ರಾಜ್ಯಕ್ಕೆ ದೀಪ ಬೆಳಗಿದ್ದು ಈ ಹೊಳೆ. ಅದನ್ನು ಬೇಡ ಎನ್ನಲು ನಾನು ಯಾರು? ನನ್ನ ಮಿಕ್ಸಿ ತಿರುಗಿದ್ದೂ ಅದೇ ಕರೆಂಟಿನಲ್ಲಿ. ಆದರೂ ಕೆಸರಿನಲ್ಲಿ ಕಾಲಿಟ್ಟರೆ ಬೆರಳಿಗೆ ಏನೂ ತಾಗದ ಹೊಳೆ ನನಗೆ ಅಪರಿಚಿತವೆನಿಸುತ್ತದೆ.

ಈಗ ನನ್ನ ಬೇಡಿಕೆ. ವಸ್ತುಸಂಗ್ರಹಾಲಯ ಬೇಡ, ಪ್ರತಿಮೆ ಬೇಡ, ಉತ್ಸವ ಮೊದಲೇ ಬೇಡ. ಹಳೆಯ ತಾರಿಬಾಗಿಲಿನಲ್ಲಿ ಒಂದು ಫಲಕ ಸಾಕು. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ, ಕನ್ನಡದಲ್ಲಿ ಎಂಟು ಸಾಲು. ಬರೆಯಬೇಕಾದದ್ದನ್ನು ನಾನೇ ಬರೆದು, ಮೊಮ್ಮಗಳಿಂದ ಕಾಗುಣಿತ ತಿದ್ದಿಸಿ, ಒಂದು ಕಚೇರಿಗೆ ಕೊಟ್ಟೆ. ಅಲ್ಲಿದ್ದವರು ಚಹಾ ತರಿಸಿದರು, ಮರ್ಯಾದೆಯಿಂದಲೇ ಮಾತನಾಡಿದರು. ‘ಅಮ್ಮಾ, ಇದಕ್ಕೆ ಲೆಕ್ಕಶೀರ್ಷಿಕೆ ಯಾವುದು?’ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಯಾವ ಖರ್ಚಿನ ಹೆಸರಿನಲ್ಲಿ ಹಾಕುವುದು ಎಂದು ಅದರ ಅರ್ಥವಂತೆ. ಬಣ್ಣ ಬಳಿಯುವವನ ಕೂಲಿ ನಾನೇ ಕೊಡುತ್ತೇನೆ ಎಂದೆ. ಖಾಸಗಿಯವರಿಂದ ತೆಗೆದುಕೊಳ್ಳಲು ಬೇರೆ ನಿಯಮವಿದೆ ಎಂದರು. ಅರ್ಜಿ ಕೊಟ್ಟು ಒಂದೂವರೆ ವರ್ಷವಾಯಿತು.

ಊರಿನವರೂ ಕಡಿಮೆಯಿಲ್ಲ. ಫಲಕದ ಕರಡನ್ನು ಅಕ್ಕಪಕ್ಕದವರಿಗೆ ತೋರಿಸಿದಾಗ ಒಬ್ಬರು, ಇಬ್ನ್ ಬತೂತಾನ ಹೆಸರು ಮೊದಲು ಏಕೆ, ಚೆನ್ನಭೈರಾದೇವಿಯನ್ನು ಮೇಲೆ ಹಾಕಿ ಎಂದರು. ಇನ್ನೊಬ್ಬರು ತಿಮೋಜನನ್ನು ತೆಗೆಯಿರಿ ಎಂದರು. ಮತ್ತೊಬ್ಬರಿಗೆ ಟಿಪ್ಪುವಿನ ಸಾಲು ಇರಬಾರದು, ಅವರ ಪಕ್ಕದಲ್ಲಿ ಕುಳಿತವರಿಗೆ ಇರಲೇಬೇಕು. ನಾನು ಹೇಳಿದೆ, ನನ್ನ ಖಾನಾವಳಿಯಲ್ಲಿ ಮೊದಲು ಬಂದವರಿಗೆ ಮೊದಲ ಎಲೆ. ಜಾತಿ ಕೇಳಿ ಎಲೆ ಹಾಕಿದವಳಲ್ಲ ನಾನು. 1342ರವನು ಮೊದಲು ಬಂದಿದ್ದಾನೆ, ಮೊದಲು ಕೂರುತ್ತಾನೆ. 1552ರವಳು ಆಮೇಲೆ. 1783ರವರು ಅವಳ ನಂತರ. ಜಂಗಲು ನೂಕಿ ನನ್ನನ್ನು ಸಾಕಿದ ತಾರಿಯವರು ಕೊನೆಯ ಎಲೆಯಲ್ಲಿ, ಹೆಸರಿಲ್ಲದಿದ್ದರೂ ಒಂದು ಸಾಲು.

ನಿಮ್ಮಿಂದ ಬೇಕಾಗಿರುವುದು ಎರಡೇ. ಕಾಳಿ ಸೇತುವೆಯ ಚಿತ್ರಕ್ಕೆ ತಪ್ಪೊಪ್ಪಿಗೆ ಹಾಕಿ. ಎರಡನೆಯದು, ಆ ಲೇಖಕರನ್ನು ಇನ್ನೊಮ್ಮೆ ಹೊನ್ನಾವರಕ್ಕೆ ಕಳಿಸಿ. ಖಾನಾವಳಿ ಮುಚ್ಚಿದ್ದರೂ ಮನೆಯ ಒಲೆ ಉರಿಯುತ್ತಿದೆ. ಎರಡು ದಿನ ಮೊದಲು ತಿಳಿಸಿದರೆ ನೊಗಲಿ ಮೀನು, ಶೆಟ್ಲಿ (ಸಿಗಡಿ) ತರಿಸಿಡುತ್ತೇನೆ. ಬಳಚು ಬೇಕೆಂದರೆ ಅಘನಾಶಿನಿಯಿಂದ ಬರಬೇಕು, ಈ ಸಲ ಅದನ್ನು ಮುಚ್ಚಿಡದೆ ಹೇಳಿಯೇ ಬಡಿಸುತ್ತೇನೆ. ಊಟವಾದ ಮೇಲೆ ಮೊಮ್ಮಗಳು ಅವರನ್ನು ತಾರಿಬಾಗಿಲಿಗೆ ಕರೆದುಕೊಂಡು ಹೋಗುತ್ತಾಳೆ. ಮಳೆಗಾಲದಲ್ಲಿ ಬಂದರೆ ಕುಡಿಯಲು ಬಿಸಿನೀರೇ ಕೊಡುವುದು, ಫ್ರಿಜ್ಜಿನದು ಕೇಳಬಾರದು.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ,
ಬಂದರು ರಸ್ತೆ, ಹೊನ್ನಾವರ